ನೀರಿನ ಆಮೆ ಸಾಕುವುದು ಹೇಗೆ: ವಿಜಯಪುರದ ಬಿಸಿಲಿನಲ್ಲಿ, ನಳದ ನೀರಿನಲ್ಲಿ

9 ವರ್ಷದ ಹಿಂದಿನ ಮಾತು. ಗೌರಿ ಹುಣ್ಣಿಮೆಯ ಹಿಂದಿನ ದಿನ ನನ್ನ ಮಗಳು ಸಕ್ಕರೆ ಆರತಿ ತರಲು ಅವಳ ಮಾಮಾನ ಜೊತೆ ಬಜಾರಿಗೆ ಹೋಗಿದ್ದಳು. ಬರುವಾಗ ಸಕ್ಕರೆ ಗೊಂಬೆಗಳ ಪೊಟ್ಟಣದ ಜೊತೆ ಒಂದು ಪ್ಲಾಸ್ಟಿಕ್ ಡಬ್ಬಿಯೂ ಇತ್ತು. ಒಳಗೆ ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಹಸಿರು ಆಮೆಮರಿ. ಕಣ್ಣಿನ ಹಿಂದೆ ಕೆಂಪು ಪಟ್ಟೆ. ಹಬ್ಬಕ್ಕೆ ಬಂದಿದೆ ಅಂತ ಗೌರಿ ಅಂತಲೇ ಹೆಸರಿಟ್ಟೆವು.

ಅಂಗಡಿಯವರು ಹೇಳಿ ಕಳಿಸಿದ್ದು ಮೂರೇ ಮಾತು. ಡಬ್ಬಿಯಲ್ಲಿ ಎರಡು ಬೆರಳು ನೀರು ಹಾಕಿ, ಒಣ ಸೀಗಡಿ ಕೊಡಿ, ಇದು ಇಷ್ಟೇ ಇರುತ್ತದೆ, ಬೆಳೆಯುವುದಿಲ್ಲ. ಮೂರೂ ತಪ್ಪು. ತಿಂಗಳೊಳಗೆ ಗೌರಿಯ ಕಣ್ಣು ಬಾತು ಮುಚ್ಚಿಕೊಂಡವು. ಚಿಪ್ಪು ಬೆರಳಿಟ್ಟರೆ ಒಳಗೆ ಹೋಗುವಷ್ಟು ಮೆತ್ತಗಾಯಿತು. "ಪಪ್ಪಾ, ಗೌರಿ ಏನೂ ತಿನ್ನವಲ್ದು" ಅಂತ ಮಗಳು ಅಳುತ್ತಾ ಬಂದ ದಿನ ನನಗೆ ಇದೊಂದು ಜೀವ, ಆಟಿಕೆ ಅಲ್ಲ ಅಂತ ಸರಿಯಾಗಿ ತಟ್ಟಿತು.

ಗೌರಿ ಬದುಕಿದಳು. ಈಗ ಅವಳ ಚಿಪ್ಪು 9 ಇಂಚು ಉದ್ದ. ಈ 9 ವರ್ಷದಲ್ಲಿ ಕಲಿತದ್ದನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಆಮೆ ಸಾಕುವ ಬಗ್ಗೆ ಸಿಗುವ ಮಾಹಿತಿ ಹೆಚ್ಚಾಗಿ ಚಳಿ ದೇಶದವರು ಬರೆದದ್ದು. ಅವರಿಗೆ ನೀರಿನ ಚಿಂತೆ ಇಲ್ಲ, ಬಿಸಿಲಿಗೆ ಬರ. ನಮ್ಮಲ್ಲಿ ಪೂರ್ತಿ ಉಲ್ಟಾ. ಬಿಸಿಲು ಬೇಕಾದಷ್ಟಿದೆ, ನಳದಲ್ಲಿ ನೀರು ದಿನಾ ಬರುವುದಿಲ್ಲ. ಹಾಗಾಗಿ ಇಲ್ಲಿ ಆಮೆ ಸಾಕುವವರು ನೀರಿನ ಲೆಕ್ಕದಿಂದಲೇ ಶುರು ಮಾಡಬೇಕು.

ಹೆಜ್ಜೆ 1: ಯಾವ ಆಮೆ ಅಂತ ಮೊದಲು ತಿಳಿದುಕೊಳ್ಳಿ

ನಮ್ಮ ಊರುಗಳ ಅಂಗಡಿಯಲ್ಲಿ ಸಿಗುವ ಹಸಿರು ಮರಿ ಸಾಮಾನ್ಯವಾಗಿ ರೆಡ್ ಇಯರ್ಡ್ ಸ್ಲೈಡರ್. ಇದರ ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. ಗಂಡು 6ರಿಂದ 8 ಇಂಚು ಬೆಳೆಯುತ್ತದೆ. ಹೆಣ್ಣು 10ರಿಂದ 12 ಇಂಚು, ಅಂದರೆ ಊಟದ ತಟ್ಟೆಯಷ್ಟು. ಚೆನ್ನಾಗಿ ನೋಡಿಕೊಂಡರೆ 20ರಿಂದ 40 ವರ್ಷ ಬದುಕುತ್ತದೆ. ಇವತ್ತು ಐದನೇ ಕ್ಲಾಸಿನಲ್ಲಿರುವ ಮಗು ಆಸೆಪಟ್ಟು ತಂದ ಆಮೆ, ಆ ಮಗುವಿನ ಮದುವೆಯಾಗಿ ಮಕ್ಕಳಾದ ಮೇಲೂ ಮನೆಯಲ್ಲಿರಬಹುದು. ಮನೆಮಂದಿಯೆಲ್ಲ ಕೂತು ಇದನ್ನು ಮಾತಾಡಿಯೇ ತನ್ನಿ.

ನಮ್ಮ ಕೆರೆ, ಹೊಳೆ, ಹೊಲದ ಬಾವಿಯಲ್ಲಿ ಸಿಗುವ ಆಮೆಯನ್ನು ಮಾತ್ರ ಮನೆಗೆ ತರಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ದೇಶದ ಆಮೆಗಳಿಗೆ ರಕ್ಷಣೆ ಕೊಟ್ಟಿದೆ. ಕೆರೆಯಲ್ಲಿ ಕಾಣುವ, ಮೆತ್ತನೆ ಅಂಚಿನ ಫ್ಲಾಪ್‌ಶೆಲ್ ಆಮೆ ಮತ್ತು ಬೆನ್ನ ಮೇಲೆ ನಕ್ಷತ್ರದಂಥ ಗೆರೆಯಿರುವ ನೆಲದ ಆಮೆ ಎರಡೂ ಅದರ ಮೊದಲ ಪಟ್ಟಿಯಲ್ಲಿವೆ. ಇಟ್ಟುಕೊಂಡು ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು. "ಮನೆಯಲ್ಲಿದ್ದರೆ ಲಕ್ಷ್ಮೀ ಬರ್ತಾಳೆ" ಅಂತ ಯಾರಾದರೂ ನಕ್ಷತ್ರ ಆಮೆ ಮಾರಲು ಬಂದರೆ ಅರಣ್ಯ ಇಲಾಖೆಗೆ ತಿಳಿಸಿ. ಮಳೆಗಾಲದಲ್ಲಿ ರಸ್ತೆ ದಾಟುವ ಆಮೆ ಕಂಡರೆ, ಅದು ಹೊರಟ ದಿಕ್ಕಿಗೇ ದಾಟಿಸಿ ಬಿಟ್ಟುಬಿಡಿ.

ಸಾಧ್ಯವಾದರೆ ಹೊಸ ಮರಿ ಕೊಳ್ಳಬೇಡಿ. ಸಾಕಲಾಗದೆ ಕೈಚೆಲ್ಲಿದವರು ನಿಮ್ಮ ಓಣಿಯಲ್ಲೇ ಸಿಗಬಹುದು. ಅವರ ದೊಡ್ಡ ಆಮೆಯನ್ನು ತಂದುಕೊಂಡರೆ ಒಂದು ಜೀವಕ್ಕೆ ಒಳ್ಳೆಯ ಮನೆ ಸಿಗುತ್ತದೆ. ಮರಿಗಿಂತ ದೊಡ್ಡ ಆಮೆಯನ್ನು ನೋಡಿಕೊಳ್ಳುವುದು ಸುಲಭ ಕೂಡ.

ಮತ್ತೆ, ಜೊತೆಗಿರಲಿ ಅಂತ ಎರಡು ತರಬೇಡಿ. ಆಮೆಗೆ ಒಂಟಿತನದ ಕಷ್ಟ ಇಲ್ಲ. ಒಂದೇ ತೊಟ್ಟಿಯಲ್ಲಿ ಎರಡಿದ್ದರೆ ಬಲವಾದದ್ದು ಇನ್ನೊಂದರ ಬಾಲ, ಕಾಲು ಕಚ್ಚುತ್ತದೆ.

ಹೆಜ್ಜೆ 2: ಆಮೆ ಬರುವ ಮೊದಲೇ ತೊಟ್ಟಿ ಸಿದ್ಧವಾಗಲಿ

ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 40 ಲೀಟರ್ ನೀರು. ಇದನ್ನು ಬಾಯಿಪಾಠ ಮಾಡಿಕೊಳ್ಳಿ. 4 ಇಂಚಿನ ಆಮೆಗೆ 160 ಲೀಟರ್. ಪೂರ್ತಿ ಬೆಳೆದ 10 ಇಂಚಿನ ಹೆಣ್ಣಿಗೆ 400 ಲೀಟರ್. ಕೇಳಿದರೆ ಜಾಸ್ತಿ ಅನಿಸುತ್ತದೆ, ಆದರೆ ನೀರು ಜಾಸ್ತಿ ಇದ್ದಷ್ಟೂ ಬೇಗ ಕೆಡುವುದಿಲ್ಲ. ಸಣ್ಣ ತೊಟ್ಟಿಯ ನೀರನ್ನು ಪದೇ ಪದೇ ಚೆಲ್ಲಬೇಕಾಗುತ್ತದೆ. ನೀರಿನ ಬರ ಇರುವ ಊರಿಗೆ ದೊಡ್ಡ ತೊಟ್ಟಿಯೇ ಉಳಿತಾಯ.

ಗಾಜಿನ ಅಕ್ವೇರಿಯಮ್ಮೇ ಬೇಕು ಅಂತೇನಿಲ್ಲ. ಗೌರಿ ಈಗಿರುವುದು ಒಂದು ಉದ್ದನೆಯ ಫೈಬರ್ ಟಬ್‌ನಲ್ಲಿ, ಹಿತ್ತಲ ಕಡೆಯ ಪಡಸಾಲೆಯಲ್ಲಿ. ಗಾಜಿಗಿಂತ ಅಗ್ಗ, ಒಡೆಯುವುದಿಲ್ಲ, ಬೇಸಿಗೆಯಲ್ಲಿ ಬೇಗ ಕಾಯುವುದೂ ಇಲ್ಲ. ದನಕ್ಕೆ ನೀರು ಕುಡಿಸುವ ಸಿಮೆಂಟ್ ಡೋಣಿ ಇದ್ದವರು ಅದನ್ನೂ ಬಳಸಬಹುದು. ಆದರೆ ಹೊಸ ಸಿಮೆಂಟ್ ನೀರಿಗೆ ಸುಣ್ಣ ಬಿಡುತ್ತದೆ. ಮೂರು ನಾಲ್ಕು ವಾರ ನೀರು ತುಂಬಿಸಿ, ಚೆಲ್ಲಿ, ಮತ್ತೆ ತುಂಬಿಸಿ ಹದ ಮಾಡಿದ ಮೇಲೆಯೇ ಆಮೆ ಬಿಡಿ.

ಜಾಗ ಆರಿಸುವಾಗ ಭಾರ ನೆನಪಿಡಿ. ಒಂದು ಲೀಟರ್ ನೀರು ಒಂದು ಕಿಲೋ. 200 ಲೀಟರ್ ಅಂದರೆ ಎರಡು ಕ್ವಿಂಟಲ್ ಜೋಳದ ಚೀಲ ಒಂದೇ ಕಡೆ ಇಟ್ಟ ಹಾಗೆ. ಮೇಜು, ಕಪಾಟಿನ ಮೇಲೆ ಇಡುವ ಮಾತೇ ಇಲ್ಲ. ಹಳೆಯ ಮಣ್ಣಿನ ಮಾಳಿಗೆಯ ಮೇಲೂ ಬೇಡ. ನೆಲದ ಫರ್ಸಿಯ ಮೇಲೆಯೇ ಇರಲಿ.

ನೀರಿನ ಆಳ ಕನಿಷ್ಠ ಚಿಪ್ಪಿನ ಉದ್ದದ ಒಂದೂವರೆಯಿಂದ ಎರಡು ಪಟ್ಟು ಇರಬೇಕು. ಇದು ಈಜುವ ಪ್ರಾಣಿ. ಅಂಗೈ ಆಳದ ನೀರಿನಲ್ಲಿ ಅಂಗಾತ ಬಿದ್ದರೆ ಮರಿಗೆ ಮತ್ತೆ ಹೊರಳಲು ಆಗುವುದಿಲ್ಲ. ತಳಕ್ಕೆ ಬಣ್ಣಬಣ್ಣದ ಸಣ್ಣ ಹರಳು ಹಾಕಬೇಡಿ. ತಿಂಡಿ ಅಂತ ನುಂಗಿ ಕರುಳು ಕಟ್ಟಿಕೊಳ್ಳುತ್ತದೆ. ಕಲ್ಲು ಹಾಕುವುದೇ ಆದರೆ ಆಮೆಯ ತಲೆಗಿಂತ ದೊಡ್ಡವು ಹಾಕಿ. ನಾನು ತಳ ಖಾಲಿ ಬಿಟ್ಟಿದ್ದೇನೆ. ಕಸ ಎಳೆಯುವುದು ಸುಲಭ.

ಹೆಜ್ಜೆ 3: ಮೈ ಒಣಗಿಸಿಕೊಳ್ಳಲು ಕಟ್ಟೆ

ಈ ಆಮೆ ದಿನಕ್ಕೆ ಹಲವು ತಾಸು ನೀರಿನಿಂದ ಮೇಲೆ ಬಂದು ಮೈ ಕಾಯಿಸಿಕೊಳ್ಳಬೇಕು. ಹೊಟ್ಟೆಯ ಕೆಳಭಾಗವೂ ಪೂರ್ತಿ ಒಣಗಬೇಕು. ಇಲ್ಲದಿದ್ದರೆ ಚಿಪ್ಪಿಗೆ ಬೂಸು ಹಿಡಿದು ಕೊಳೆಯುತ್ತದೆ. ಅಂಗಡಿಯಲ್ಲಿ ಸಿಗುವ ತೇಲುವ ಹಲಗೆ ಮರಿಗೆ ಸಾಕು. ಒಂದು ಕಿಲೋ ದಾಟಿದ ಆಮೆ ಹತ್ತಿದರೆ ಅದು ಮುಳುಗುತ್ತದೆ. ನಾನು ಹಾರ್ಡ್‌ವೇರ್ ಅಂಗಡಿಯಿಂದ ಪಿವಿಸಿ ಪೈಪು, ಮೂಲೆಯ ಜೋಡಣೆಗಳು, ಗಟ್ಟಿ ಪ್ಲಾಸ್ಟಿಕ್ ಜಾಳಿಗೆ ತಂದು ಒಂದು ಕಟ್ಟೆ ಕಟ್ಟಿದೆ. ಇಳಿಜಾರಿಗೂ ಅದೇ ಜಾಳಿಗೆ. ಉಗುರಿಗೆ ಹಿಡಿತ ಸಿಗುತ್ತದೆ, ಗೀರು ಬೀಳುವುದಿಲ್ಲ. ಒಂದು ಮಧ್ಯಾಹ್ನದ ಕೆಲಸ, 8 ವರ್ಷದಿಂದ ಹಾಗೇ ಇದೆ.

ಕಟ್ಟೆಯಿಂದ ತೊಟ್ಟಿಯ ಅಂಚು ಕನಿಷ್ಠ ಒಂದು ಅಡಿ ಎತ್ತರ ಇರಲಿ. ಆಮೆ ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಹತ್ತುತ್ತದೆ.

ಹೆಜ್ಜೆ 4: ಬಿಸಿಲು, ಬೆಳಕು, ಬಿಸಿ

ನಮ್ಮ ಗೌರಿಯ ಚಿಪ್ಪು ಮೆತ್ತಗಾಗಿದ್ದು ಇಲ್ಲೇ ಮಾಡಿದ ತಪ್ಪಿನಿಂದ. ಕಿಟಕಿಯ ಹತ್ತಿರ ಇಟ್ಟಿದ್ದೆವು, ದಿನಾ ಬಿಸಿಲು ಬೀಳುತ್ತಿತ್ತು, ಇನ್ನೇನು ಬೇಕು ಅಂದುಕೊಂಡಿದ್ದೆವು. ಬಿಸಿಲಿನಲ್ಲಿರುವ ಯುವಿಬಿ ಅನ್ನುವ ಕಿರಣ ಆಮೆಯ ಚರ್ಮಕ್ಕೆ ತಾಗಿದಾಗ ಡಿ3 ವಿಟಮಿನ್ ಹುಟ್ಟುತ್ತದೆ. ಅದಿದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಮೈಗೆ ಹತ್ತಿ ಚಿಪ್ಪು, ಎಲುಬು ಗಟ್ಟಿಯಾಗುತ್ತವೆ. ಆ ಕಿರಣವನ್ನು ಕಿಟಕಿಯ ಗಾಜು ತಡೆದುಬಿಡುತ್ತದೆ. ಬೆಳಕು ಬರುತ್ತದೆ, ಬಿಸಿಯೂ ಬರುತ್ತದೆ, ಬೇಕಾದದ್ದು ಮಾತ್ರ ಬರುವುದಿಲ್ಲ.

ಹಾಗಾಗಿ ನೇರ ಬಿಸಿಲು ಬೇಕು. ಚಳಿಗಾಲದಲ್ಲಿ ಬೆಳಿಗ್ಗೆ 9ರಿಂದ 11ರ ನಡುವೆ ಒಂದು ತಾಸು. ಬೇಸಿಗೆಯಲ್ಲಿ 8ರಿಂದ 9ರೊಳಗೆ ಅರ್ಧ ತಾಸು. ಅಗಲವಾದ ಟಬ್‌ನಲ್ಲಿ ಸ್ವಲ್ಪ ನೀರು ಹಾಕಿ, ಒಂದು ಇಟ್ಟಂಗಿ ಇಟ್ಟು, ಅರ್ಧ ಭಾಗಕ್ಕೆ ಗೋಣಿಚೀಲ ಹೊದಿಸಿ ನೆರಳು ಮಾಡಿ. ಬೇಕಾದಾಗ ಅದೇ ಬಿಸಿಲಿಗೆ ಬರುತ್ತದೆ, ಸಾಕಾದಾಗ ನೆರಳಿಗೆ ಸರಿಯುತ್ತದೆ. ಮೇಲೆ ಜಾಳಿಗೆ ಮುಚ್ಚುವುದು ಮರೆಯಬೇಡಿ. ಕಾಗೆ, ಬೆಕ್ಕು, ಮಂಗ ಮೂರೂ ಮರಿಯನ್ನು ಎತ್ತಿಕೊಂಡು ಹೋಗುತ್ತವೆ.

ನೀವು ಪಕ್ಕದಲ್ಲೇ ಕೂತಿರಿ. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಸಣ್ಣ ಟಬ್‌ನ ನೀರು ನಿಮಿಷಗಳಲ್ಲಿ ಕಾಯುತ್ತದೆ. ತಣ್ಣನೆ ರಕ್ತದ ಪ್ರಾಣಿ ಅದು, ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ. ಫೋನ್ ಬಂತು ಅಂತ ಒಳಗೆ ಹೋಗಿ ಬರುವಷ್ಟರಲ್ಲಿ ಜೀವ ಹೋಗಿರುತ್ತದೆ. ಗಾಜಿನ ತೊಟ್ಟಿಯನ್ನಂತೂ ಬಿಸಿಲಿಗೆ ಇಡಲೇಬಾರದು.

ಬೆಳಗಾವಿ ಕಡೆಯವರಿಗೆ ಬೇರೆ ತೊಂದರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ, ಜಿಟಿಜಿಟಿ ಮಳೆ. ಅಲ್ಲಿ ಯುವಿಬಿ ದೀಪ ಬೇಕೇ ಬೇಕು. ಫ್ಲಾಟಿನಲ್ಲಿರುವವರಿಗೂ ಬೇಕು. 5.0 ಅಂತ ಬರೆದಿರುವ ಟ್ಯೂಬ್ ತಂದು ಕಟ್ಟೆಯಿಂದ ಸುಮಾರು 25ರಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಕಟ್ಟಿ. ನಡುವೆ ಗಾಜು, ಪ್ಲಾಸ್ಟಿಕ್ ಏನೂ ಇರಬಾರದು. ದಿನಕ್ಕೆ 10ರಿಂದ 12 ತಾಸು ಉರಿಯಲಿ. ಬೆಳಕು ಚೆನ್ನಾಗಿಯೇ ಕಂಡರೂ ವರ್ಷದೊಳಗೆ ಅದರ ಯುವಿಬಿ ಮುಗಿಯುತ್ತ ಬರುತ್ತದೆ, ಬದಲಿಸಬೇಕು. ಹಾಕಿದ ತಾರೀಖನ್ನು ಟ್ಯೂಬ್‌ನ ತುದಿಯಲ್ಲೇ ಬರೆದಿಡಿ.

ನೀರಿನ ಬಿಸಿ 24ರಿಂದ 27 ಡಿಗ್ರಿ ಇದ್ದರೆ ಚೆನ್ನ. ಮರಿಗೆ 26ರಿಂದ 28. ಕಟ್ಟೆಯ ಮೇಲೆ 30ರಿಂದ 35. ಇದನ್ನು ಕೈಯಿಟ್ಟು ಅಂದಾಜು ಮಾಡಬೇಡಿ, ಒಂದು ಥರ್ಮಾಮೀಟರ್ ಹಾಕಿ. ಗೌರಿ ಹುಣ್ಣಿಮೆಯಿಂದ ಸಂಕ್ರಮಣದವರೆಗೆ ನಮ್ಮಲ್ಲಿ ರಾತ್ರಿ 15 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ತಣ್ಣೀರಿನಲ್ಲಿ ಆಮೆಗೆ ತಿಂದದ್ದು ಅರಗುವುದಿಲ್ಲ, ನೆಗಡಿ ಹಿಡಿದು ಪುಪ್ಪುಸಕ್ಕೆ ಇಳಿಯುತ್ತದೆ. ಒಂದು ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ ಅಕ್ವೇರಿಯಂ ಹೀಟರ್ ಹಾಕಿ. ಗಾಜಿನ ಹೀಟರ್ ಆದರೆ ಸುತ್ತ ತೂತಿರುವ ಪೈಪು ತೊಡಿಸಿ, ಇಲ್ಲದಿದ್ದರೆ ಆಮೆ ಗುದ್ದಿ ಒಡೆಯುತ್ತದೆ. ನೀರು ತೆಗೆಯುವ ಮೊದಲು ಹೀಟರ್‌ನ ಪ್ಲಗ್ ಕಿತ್ತಿರಬೇಕು. ತೊಟ್ಟಿಗೆ ಹೋಗುವ ವೈರುಗಳು ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಆಮೇಲೆ ಮೇಲೆ ಹೋಗಲಿ. ಆಗ ವೈರಿನ ಗುಂಟ ಇಳಿದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್‌ಗೆ ಹೋಗುವುದಿಲ್ಲ. ಕರೆಂಟ್ ಸೋರಿದರೆ ತಾನಾಗಿಯೇ ಬಂದ್ ಮಾಡುವ ಇಎಲ್‌ಸಿಬಿ ಸ್ವಿಚ್ಚನ್ನು ಆ ಸಾಲಿಗೆ ಹಾಕಿಸಿದರೆ ಮನೆಮಂದಿಗೂ ಭಯ ಇಲ್ಲ.

ಬೇಸಿಗೆಗೆ ಉಲ್ಟಾ ಲೆಕ್ಕ. ನೀರು 30 ದಾಟುತ್ತಾ ಹೋದರೆ ಫ್ರಿಜ್‌ನಲ್ಲಿ ಗಡ್ಡೆ ಕಟ್ಟಿಸಿದ ನೀರಿನ ಬಾಟಲಿಯನ್ನು ಮುಚ್ಚಳ ಬಿಗಿಮಾಡಿ ತೇಲಿಬಿಡಿ. ಸುತ್ತ ಒದ್ದೆ ಗೋಣಿಚೀಲ ಸುತ್ತಿ. ಎರಡು ಮೂರು ಡಿಗ್ರಿ ಇಳಿಯುತ್ತದೆ, ಸಾಕು. ಒಮ್ಮೆಲೇ ಐಸ್ ಸುರಿಯಬೇಡಿ.

ಹೆಜ್ಜೆ 5: ನೀರು

ವಿಜಯಪುರದಲ್ಲಿದ್ದುಕೊಂಡು ನೀರಿನ ಬಗ್ಗೆ ಹಗುರಾಗಿ ಮಾತಾಡಲು ಬರುವುದಿಲ್ಲ. ತಾಜ್ ಬಾವಡಿ, ಚಾಂದ್ ಬಾವಡಿ, ಬೇಗಂ ತಲಾಬ್, ಓಣಿ ಓಣಿಗೆ ನಿಂತಿರುವ ಗಂಜ್ ಅನ್ನುವ ನೀರಿನ ಗೋಪುರಗಳು, ಎಲ್ಲವನ್ನೂ ಆದಿಲ್‌ಶಾಹಿ ಕಾಲದವರು ಈ ಒಣ ನೆಲದಲ್ಲಿ ನೀರು ಉಳಿಸಲೆಂದೇ ಕಟ್ಟಿದರು. ಇವತ್ತು ಕೊಲ್ಹಾರದಿಂದ ಕೃಷ್ಣೆಯ ನೀರು ಬರುತ್ತದೆ, ಆದರೂ ಡ್ರಮ್ಮು, ಸಂಪು ತುಂಬಿಸಿಟ್ಟುಕೊಳ್ಳುವ ಅಭ್ಯಾಸ ಹೋಗಿಲ್ಲ. ಆಮೆ ಸಾಕಲು ಈ ಅಭ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ.

ಯಾಕೆಂದರೆ ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಆಮೆ ಅದನ್ನು ತಡೆದುಕೊಂಡರೂ ಫಿಲ್ಟರ್‌ನಲ್ಲಿ ಬೆಳೆಯುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಬಾಯಿ ತೆರೆದ ಡ್ರಮ್ಮಿನಲ್ಲಿ ಒಂದೆರಡು ದಿನ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಸೊಳ್ಳೆ ಬರದಂತೆ ಬಟ್ಟೆ ಕಟ್ಟಿಡಿ. ಅವಸರವಿದ್ದರೆ ಅಕ್ವೇರಿಯಂ ಅಂಗಡಿಯ ಆಂಟಿ ಕ್ಲೋರಿನ್ ಹನಿ ಹಾಕಿ. ಬೋರ್ ನೀರು ಗಡುಸು. ಚಿಪ್ಪಿನ ಮೇಲೆ, ಹೀಟರ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಅದರಿಂದ ಜೀವಕ್ಕೆ ಅಪಾಯವಿಲ್ಲ. ತಿಂಗಳಿಗೊಮ್ಮೆ ಮೆತ್ತನೆ ಹಲ್ಲಿನ ಬ್ರಷ್‌ನಿಂದ, ಸಾಬೂನು ಇಲ್ಲದೆ, ಸುಮ್ನೆ ನೀರಿನಲ್ಲಿ ತಿಕ್ಕಿದರೆ ಸಾಕು. ಆರ್‌ಒ ನೀರು ಬೇಕಿಲ್ಲ.

ಈಗ ಫಿಲ್ಟರ್. ಆಮೆ ಅದೇ ಗಾತ್ರದ ಮೀನಿಗಿಂತ ಬಹಳ ಜಾಸ್ತಿ ಹೊಲಸು ಮಾಡುತ್ತದೆ. ತೊಟ್ಟಿಯಲ್ಲಿರುವ ನೀರಿನ ಎರಡು ಮೂರು ಪಟ್ಟು ನೀರಿಗೆ ಆಗುವಂಥ ಫಿಲ್ಟರ್ ಕೊಳ್ಳಿ. 200 ಲೀಟರ್ ತೊಟ್ಟಿಗೆ 400ರಿಂದ 600 ಲೀಟರಿನ ಅಕ್ವೇರಿಯಂಗೆ ಹೇಳಿದ ಫಿಲ್ಟರ್. ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ತೊಂದರೆ ಕೊಡದ ನೈಟ್ರೇಟ್ ಮಾಡುತ್ತವೆ. ಹೊಸ ಫಿಲ್ಟರ್ ಈ ಹದಕ್ಕೆ ಬರಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ನೀರನ್ನು ಸ್ವಲ್ಪ ಜಾಸ್ತಿ ಬದಲಿಸಬೇಕು. ಸ್ಪಂಜನ್ನು ನಳದ ಕೆಳಗೆ ತೊಳೆಯಬೇಡಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಕರೆಂಟ್ ಐದಾರು ತಾಸು ಹೋಗಿದ್ದರೆ ಮುಚ್ಚಿದ ಫಿಲ್ಟರಿನ ಒಳಗಿನ ನೀರು ಕೊಳೆತಿರುತ್ತದೆ. ಅದನ್ನು ಚೆಲ್ಲಿ, ಸ್ಪಂಜು ಹಿಂಡಿ, ಆಮೇಲೆ ಚಾಲೂ ಮಾಡಿ.

ಇಷ್ಟೆಲ್ಲ ಸರಿ ಇದ್ದರೆ ವಾರಕ್ಕೆ ಕಾಲು ಭಾಗ ನೀರು ಬದಲಿಸಿದರೆ ಸಾಕು. 200 ಲೀಟರಿಗೆ 50 ಲೀಟರ್, ಮೂರು ನಾಲ್ಕು ಬಕೀಟು. ಪೈಪಿನಿಂದ ತಳದ ಕಸ ಎಳೆಯಿರಿ, ಆದರೆ ಬಾಯಿಯಿಂದ ಹೀರಿ ಸೈಫನ್ ಶುರು ಮಾಡಬೇಡಿ. ಪೈಪನ್ನು ನೀರಲ್ಲಿ ಮುಳುಗಿಸಿ ತುಂಬಿಸಿ, ತುದಿ ಬೆರಳಲ್ಲಿ ಮುಚ್ಚಿ ಕೆಳಗಿನ ಬಕೀಟಿಗೆ ಇಳಿಸಿ. ಹೊಸ ನೀರು ಹಳೆಯ ನೀರಿನಷ್ಟೇ ಬೆಚ್ಚಗಿರಲಿ.

ತೆಗೆದ ನೀರು ಗಿಡಕ್ಕೆ ಒಳ್ಳೆಯ ಗೊಬ್ಬರ. ನಮ್ಮ ದಾಸವಾಳ, ಮಲ್ಲಿಗೆ, ನುಗ್ಗೆ ಮೂರೂ ಗೌರಿಯ ನೀರಿನಲ್ಲೇ ಬೆಳೆದಿವೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೆಂತೆ, ಉಳ್ಳಾಗಡ್ಡಿ ತಪ್ಪಲಿಗೆ ಮಾತ್ರ ಹಾಕಬೇಡಿ. ಕಾರಣ ಮುಂದೆ ಹೇಳುತ್ತೇನೆ. ನೀರು ಉಳಿಸುವ ಇನ್ನೊಂದು ಉಪಾಯವೂ ಇದೆ. ಊಟಕ್ಕೆ ಬೇರೆ ಬುಟ್ಟಿ ಇಡಿ. ನಾಲ್ಕೈದು ಲೀಟರ್ ನೀರಿನಲ್ಲಿ ತಿನ್ನಿಸಿ, ಅರ್ಧ ತಾಸು ಬಿಟ್ಟು ತೊಟ್ಟಿಗೆ ಬಿಟ್ಟರೆ ಎಂಜಲು, ಹೇಲು ಹೆಚ್ಚಿನಂಶ ಬುಟ್ಟಿಯಲ್ಲೇ ಉಳಿಯುತ್ತದೆ.

ಹೆಜ್ಜೆ 6: ಊಟ

ಈ ಆಮೆಗೆ ನೀರಿಲ್ಲದೆ ನುಂಗಲು ಬರುವುದಿಲ್ಲ. ನೆಲದ ಮೇಲೆ ಬಿಟ್ಟು ತಿನ್ನು ಅಂದರೆ ತಿನ್ನುವುದಿಲ್ಲ.

ಮರಿಗೆ ದಿನಾ ಊಟ. ಆಮೆಯ ಗುಳಿಗೆ ತಿಂಡಿ, ಅಂದರೆ ಪೆಲ್ಲೆಟ್, ಅದರ ತಲೆಯ ಗಾತ್ರದಷ್ಟು. ಜೊತೆಗೆ ಸಣ್ಣಗೆ ಕತ್ತರಿಸಿದ ತಪ್ಪಲು. ದೊಡ್ಡದಾಗುತ್ತಾ ಅದು ಹೆಚ್ಚು ಸಸ್ಯಾಹಾರಿಯಾಗುತ್ತದೆ. ಗೌರಿಗೆ ಈಗ ವಾರಕ್ಕೆ ಮೂರು ದಿನ ಪೆಲ್ಲೆಟ್, ದಿನಾ ತಪ್ಪಲು. ಬಹಳ ಜನ ಇಲ್ಲೇ ಎಡವುತ್ತಾರೆ. ಕೈ ಕಂಡರೆ ಸಾಕು, ಆಮೆ ಈಜಿ ಬಂದು ಕತ್ತು ಚಾಚುತ್ತದೆ. ಪಾಪ ಹಸಿದಿದೆ ಅಂತ ಅವ್ವ ಒಮ್ಮೆ, ಮಕ್ಕಳು ಒಮ್ಮೆ ಹಾಕುತ್ತಾ ಹೋಗುತ್ತಾರೆ. ಅದು ಯಾವಾಗಲೂ ಹಾಗೇ ಬೇಡುತ್ತದೆ. ಕಾಲಿನ ಬುಡದಲ್ಲಿ ಕೊಬ್ಬು ಉಬ್ಬಿ ಚಿಪ್ಪಿನೊಳಗೆ ಹೋಗದಂತಾದರೆ ಊಟ ಜಾಸ್ತಿಯಾಗಿದೆ ಅಂತ ಅರ್ಥ.

ತಪ್ಪಲಲ್ಲಿ ದಾಸವಾಳದ ಎಲೆ ಮತ್ತು ಹೂವು, ನುಗ್ಗೆ ತಪ್ಪಲು, ಮುಲಂಗಿ ತಪ್ಪಲು ಚೆನ್ನ. ಗಜ್ಜರಿ ಮತ್ತು ಕೆಂಪು ಕುಂಬಳಕಾಯಿಯ ತುರಿಯಿಂದ ಎ ವಿಟಮಿನ್ ಸಿಗುತ್ತದೆ. ಗೌರಿಯ ಕಣ್ಣು ಬಾತದ್ದು ಅದರ ಕೊರತೆಯಿಂದಲೇ. ಒಣ ಸೀಗಡಿಯಲ್ಲಿ ಅದು ಸಾಕಷ್ಟು ಇರುವುದಿಲ್ಲ. ಸೀಗಡಿ ವಾರಕ್ಕೊಮ್ಮೆ ಬಾಯಿಚಪಲಕ್ಕೆ ಇರಲಿ, ಊಟ ಅಂತ ಬೇಡ. ನಮ್ಮ ಕಡೆಯವರಿಗೆ ಒಂದು ಅನುಕೂಲ ಹೇಳುತ್ತೇನೆ. ಹಾಲಿನ ದನಕ್ಕೆ ಅಂತ ಹಳ್ಳಿಗಳಲ್ಲಿ ನೀರಿನ ಮೇಲೆ ತೇಲುವ ಅಜೋಲ್ಲಾ ಅನ್ನುವ ಸಣ್ಣ ಗಿಡ ಬೆಳೆಸುತ್ತಾರಲ್ವಾ, ಅದನ್ನು ಆಮೆ ಇಷ್ಟಪಟ್ಟು ತಿನ್ನುತ್ತದೆ. ಒಂದು ಹಿಡಿ ತಂದು ಬೇರೆ ಟಬ್‌ನಲ್ಲಿ ಬಿಟ್ಟರೆ ಮನೆಯಲ್ಲೇ ಬೆಳೆಯುತ್ತದೆ.

ಪಾಲಕ್, ರಾಜಗಿರಿ ದಿನಾ ಬೇಡ. ಅವುಗಳಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಹೀರದಂತೆ ತಡೆಯುತ್ತದೆ. ದ್ರಾಕ್ಷಿ ತೋಟದ ಬದುವಿನ ತಪ್ಪಲನ್ನು ಯಾವತ್ತೂ ಕೀಳಬೇಡಿ, ಅಲ್ಲಿ ಔಷಧ ಹೊಡೆದಿರುತ್ತಾರೆ. ಹಾಲು, ಬ್ರೆಡ್, ರೊಟ್ಟಿ, ಅನ್ನ, ಚುರುಮುರಿ ಏನೂ ಬೇಡ. ಎರೆಹುಳು ಕೊಡಬಹುದು, ಗೊಬ್ಬರದ ಗುಂಡಿಗೆ ವಿಷ ಬಿದ್ದಿರಬಾರದು ಅಷ್ಟೇ. ಕ್ಯಾಲ್ಸಿಯಂಗೆ ಗಿಳಿಗಳಿಗೆ ಕೊಡುವ ಕಟಲ್‌ಫಿಶ್ ಎಲುಬಿನ ತುಂಡನ್ನು ತೊಟ್ಟಿಯಲ್ಲಿ ತೇಲಿಬಿಡಿ. ಆಯುರ್ವೇದ ಸಾಮಾನಿನ ಅಂಗಡಿಯಲ್ಲಿ ಸಮುದ್ರಫೇನ ಅಂತ ಕೇಳಿದರೂ ಸಿಗುತ್ತದೆ.

ಹೆಜ್ಜೆ 7: ಮಕ್ಕಳ ಕೈ, ಅಡುಗೆಮನೆ

ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು. ಅದರಿಂದ ಮನುಷ್ಯರಿಗೆ ವಾಂತಿ, ಭೇದಿ, ಜ್ವರ ಬರುತ್ತದೆ. ಮರಿಗಳನ್ನು ಮಕ್ಕಳು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದಾರೆ ಅಂತ ಅಮೆರಿಕ 1975ರಲ್ಲಿ 4 ಇಂಚಿಗಿಂತ ಸಣ್ಣ ಆಮೆಗಳ ಮಾರಾಟವನ್ನೇ ನಿಲ್ಲಿಸಿತು. ಹೆದರಬೇಕಿಲ್ಲ, ಶಿಸ್ತು ಬೇಕು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಅಡುಗೆಮನೆಯ ಸಿಂಕಿನಲ್ಲಿ, ಪಾತ್ರೆ ತಿಕ್ಕುವ ಬಚ್ಚಲಲ್ಲಿ ಆಮೆಯ ಸಾಮಾನು ತೊಳೆಯಬಾರದು. ಬಕೀಟು, ಬುಟ್ಟಿ, ಬ್ರಷ್ ಅದಕ್ಕೇ ಬೇರೆ. 5 ವರ್ಷದೊಳಗಿನ ಮಕ್ಕಳು, ಬಸುರಿಯರು, ವಯಸ್ಸಾದವರು ಮುಟ್ಟದಿದ್ದರೆ ಒಳ್ಳೆಯದು. ಹಸಿ ತಪ್ಪಲಿಗೆ ತೊಟ್ಟಿಯ ನೀರು ಬೇಡ ಅಂದಿದ್ದೂ ಇದಕ್ಕೇ.

ಹೆಜ್ಜೆ 8: ಕಾಯಿಲೆಯ ಗುರುತು

ತಿಂಗಳಿಗೊಮ್ಮೆ ತಕ್ಕಡಿಯಲ್ಲಿ ತೂಕ ಮಾಡಿ ಒಂದು ವಹಿಯಲ್ಲಿ ಬರೆದಿಡಿ. ಆಮೆ ತನ್ನ ಕಷ್ಟವನ್ನು ಮುಚ್ಚಿಡುವ ಪ್ರಾಣಿ. ಕಣ್ಣಿಗೆ ಕಾಣುವ ಮೊದಲೇ ತೂಕದಲ್ಲಿ ಗೊತ್ತಾಗುತ್ತದೆ.

ಚಿಪ್ಪಿನ ಮೇಲಿನ ತೆಳ್ಳನೆ ಬಿಲ್ಲೆಗಳು ಉದುರುವುದು ಬೆಳವಣಿಗೆ, ಅದು ಕಾಯಿಲೆ ಅಲ್ಲ. ಆದರೆ ಮೂಗಿನಲ್ಲಿ ಗುಳ್ಳೆ ಬರುವುದು, ಬಾಯಿ ತೆರೆದು ಉಸಿರಾಡುವುದು, ಈಜುವಾಗ ಒಂದು ಕಡೆಗೆ ವಾಲುವುದು ಪುಪ್ಪುಸದ ಸೋಂಕಿನ ಗುರುತು. ಇದಕ್ಕೆ ಒಂದು ದಿನವೂ ಕಾಯಬೇಡಿ. ಚಿಪ್ಪಿನಲ್ಲಿ ಮೆತ್ತನೆ ಗುಳಿ ಬಿದ್ದು ವಾಸನೆ ಬಂದರೆ ಚಿಪ್ಪು ಕೊಳೆಯುತ್ತಿದೆ. ಮೆರುಗು ಬರಲಿ ಅಂತ ಕೊಬ್ಬರಿಎಣ್ಣೆ ಹಚ್ಚುವುದು, ಬಣ್ಣ ಬಳಿಯುವುದು ಬೇಡ. ಮನೆಯಲ್ಲಿದ್ದ ಮಾತ್ರೆಯನ್ನು ಅಂದಾಜಿನ ಮೇಲೆ ಕೊಡಬೇಡಿ.

ನಮ್ಮ ಭಾಗದ ಪಶುವೈದ್ಯರಿಗೆ ಎಮ್ಮೆ, ಆಕಳು, ಆಡು, ನಾಯಿ ದಿನದ ಕೆಲಸ. ಆಮೆ ಅಪರೂಪ. ಆದರೂ ಮೊದಲು ಅವರನ್ನೇ ಕಾಣಿ. ಅವರು ಬೀದರ್ ಅಥವಾ ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನವರ ಜೊತೆ ಮಾತಾಡಿ ಔಷಧ ಹೇಳಬಹುದು. ನೀರಿನ ಬಿಸಿ, ತೂಕದ ವಹಿ, ಊಟದ ವಿವರ, ಆಮೆ ಈಜುವ ವಿಡಿಯೋ ಜೊತೆಗೆ ಒಯ್ಯಿರಿ. ಒಂದು ಮಾತು ಮಾತ್ರ ನೆನಪಿಟ್ಟು ಹೇಳಿ: "ಡಾಕ್ಟರ್ ಸಾಹೇಬ್ರ, ಆಮೆಗೆ ಐವರ್ಮೆಕ್ಟಿನ್ ನಡೆಯೂದಿಲ್ಲಂತ್ರಿ." ದನ, ನಾಯಿಗೆ ಹುಳುವಿಗೆ ಅಂತ ಕೊಡುವ ಈ ಔಷಧದಿಂದ ಆಮೆ ಸಾಯಬಹುದು.

ಹೆಣ್ಣು ಸಾಕಿದವರಿಗೆ ಇನ್ನೊಂದು ಮಾತು. ಮುಂಗಾಲಿನ ಉಗುರು ಬಹಳ ಉದ್ದ, ಬಾಲ ದಪ್ಪ ಇದ್ದರೆ ಗಂಡು. ಉಗುರು ಗಿಡ್ಡ, ಬಾಲ ಸಣ್ಣ ಇದ್ದರೆ ಹೆಣ್ಣು. ಇದು ಗೊತ್ತಾಗುವುದು ಆಮೆ ನಾಲ್ಕೈದು ಇಂಚು ಬೆಳೆದ ಮೇಲೆ. ನಾವು ಇಟ್ಟ ಹೆಸರು ಸರಿಹೋದದ್ದು ನಮ್ಮ ಅದೃಷ್ಟ. ಹೆಣ್ಣು ಗಂಡಿಲ್ಲದೆಯೂ ಮೊಟ್ಟೆ ಇಡುತ್ತದೆ, ಅವು ಒಡೆದು ಮರಿಯಾಗುವುದಿಲ್ಲ. ಊಟ ಬಿಟ್ಟು, ತೊಟ್ಟಿಯಿಂದ ಹೊರಬರಲು ಪರದಾಡಿ, ಹಿಂಗಾಲಿನಿಂದ ಕೆರೆಯತೊಡಗಿದರೆ ಅದಕ್ಕೆ ಮಣ್ಣು ಬೇಕು. ಮಣ್ಣು, ಮರಳು ಬೆರೆಸಿ ತೇವ ಮಾಡಿ, ಸುಮಾರು ಒಂದು ಅಡಿ ಆಳದ ಟಬ್‌ನಲ್ಲಿ ಬಿಟ್ಟು ಯಾರೂ ಇಣುಕದಂತೆ ನೋಡಿಕೊಳ್ಳಿ. ಜಾಗ ಸಿಗದೆ ಮೊಟ್ಟೆ ಒಳಗೇ ಉಳಿದರೆ ಜೀವಕ್ಕೆ ಸಂಚಕಾರ.

ಸಾಕಲು ಆಗದಿದ್ದರೆ

ಕೆರೆಗೆ ಬಿಟ್ಟರೆ ಪುಣ್ಯ ಅಂತ ಹಲವರು ನಂಬಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಾಜ್ ಬಾವಡಿಗೂ ಬೇಡ, ಭೂತನಾಳ ಕೆರೆಗೂ ಬೇಡ, ಆಲಮಟ್ಟಿಯ ಹಿನ್ನೀರಿಗೂ ಬೇಡ, ಗುಡಿಯ ಹೊಂಡಕ್ಕೂ ಬೇಡ. ಈ ಸ್ಲೈಡರ್ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಯುರೋಪಿನ ದೇಶಗಳು 1997ರಲ್ಲೇ ಇದನ್ನು ತರಿಸಿಕೊಳ್ಳುವುದನ್ನು ನಿಲ್ಲಿಸಿದವು. ನಮ್ಮ ಕೃಷ್ಣೆಯಲ್ಲಿ ಲೀತ್ ಮೃದುಚಿಪ್ಪಿನ ಆಮೆ ಇದೆ. ಭಾರತದ ಪರ್ಯಾಯ ದ್ವೀಪ ಭಾಗದ ಹೊಳೆಗಳನ್ನು ಬಿಟ್ಟು ಅದಕ್ಕೆ ಬೇರೆ ಮನೆ ಇಲ್ಲ, ಈಗ ಅಳಿವಿನ ಅಂಚಿಗೆ ಬಂದು ನಿಂತಿದೆ. ಅಂಗಡಿಯಿಂದ ಬಂದ ಆಮೆ ಅದರ ಊಟಕ್ಕೆ, ಜಾಗಕ್ಕೆ ಪಾಲು ಕೇಳಬಾರದು, ಹೊಸ ರೋಗ ಒಯ್ಯಬಾರದು. ಬಂಧುಬಳಗದಲ್ಲಿ, ಸ್ನೇಹಿತರಲ್ಲಿ ಆಸಕ್ತಿ ಇದ್ದವರನ್ನು ಹುಡುಕಿ, ತೊಟ್ಟಿ, ಫಿಲ್ಟರ್ ಸಮೇತ ಕೊಡಿ. ಸಾಮಾನು ಸಮೇತ ಅಂದರೆ ಒಪ್ಪುವವರು ಬೇಗ ಸಿಗುತ್ತಾರೆ.

ಊರಿಗೆ ಹೋಗುವಾಗ

ಜಾತ್ರೆ, ಮದುವೆ ಅಂತ ನಾಲ್ಕೈದು ದಿನ ಊರಿಗೆ ಹೋಗಬೇಕಾದರೆ ಆಮೆಯನ್ನು ಚೀಲದಲ್ಲಿ ಹೊತ್ತೊಯ್ಯಬೇಡಿ. ಬೆಳೆದ, ಆರೋಗ್ಯವಾದ ಆಮೆ ಅಷ್ಟು ದಿನ ಊಟವಿಲ್ಲದೆ ಆರಾಮಾಗಿ ಇರುತ್ತದೆ. ಮರಿಯನ್ನು ಎರಡು ದಿನಕ್ಕಿಂತ ಹೆಚ್ಚು ಬಿಡಬಾರದು. ಹೊರಡುವ ಹಿಂದಿನ ದಿನ ನೀರು ಬದಲಿಸಿ, ಒಂದು ಹಿಡಿ ಅಜೋಲ್ಲಾ ತೇಲಿಬಿಡಿ. ದೀಪಕ್ಕೆ ಟೈಮರ್ ಹಾಕಿ.

ನಾವು ಪಕ್ಕದ ಮನೆಯ ಅಕ್ಕನಿಗೆ ಬೀಗದಕೈ ಕೊಟ್ಟು ಹೋಗುತ್ತೇವೆ. ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿರುತ್ತೇವೆ: ಫಿಲ್ಟರ್ ಸದ್ದು ಬರುತ್ತಿದೆಯಾ ನೋಡಿರಿ. ಥರ್ಮಾಮೀಟರ್ 24ರಿಂದ 28ರ ನಡುವೆ ಇದೆಯಾ ನೋಡಿರಿ. ಬೇಡಿದರೂ ಏನೂ ಹಾಕಬೇಡಿರಿ. ಕೊನೆಯ ಸಾಲನ್ನು ಮಗಳು ಕೆಂಪು ಪೆನ್ನಿನಿಂದ ಬರೆದಿದ್ದಾಳೆ. ಆದರೂ ನಾವು ಬರುವಷ್ಟರಲ್ಲಿ ತೊಟ್ಟಿಯಲ್ಲಿ ಒಂದೆರಡು ದಾಸವಾಳದ ಎಸಳು ತೇಲುತ್ತಿರುತ್ತವೆ. ಅಷ್ಟಾದರೆ ಅಡ್ಡಿಯಿಲ್ಲ.